ಬೀಗ ಬಿದ್ದ ರಂಗಮಂದಿರ ಮತ್ತೆ ನಕ್ಕಾಗ

ನಮ್ಮ ಸಿವಿಲ್ ಕ್ಲಾಸಿನಲ್ಲಿ ಸೆಮಿನಾರ್ ಎಂದರೆ ಒಂದು ಸಂಪ್ರದಾಯವಿದೆ. ಸೀನಿಯರ್‌ಗಳ ಹಳೆಯ ಪಿಪಿಟಿ ತರಬೇಕು, ಮೊದಲ ಸ್ಲೈಡಿನಲ್ಲಿ ಹೆಸರು ಬದಲಿಸಬೇಕು, ಕೊನೆಯ ಸ್ಲೈಡಿನಲ್ಲಿ ‘ಥ್ಯಾಂಕ್ ಯೂ’ ಅಂತ ಹೂವಿನ ಚಿತ್ರ ಹಾಕಬೇಕು. ಅಷ್ಟಾದರೆ ಮುಗಿಯಿತು. ಈ ಐದನೇ ಸೆಮಿಸ್ಟರಿನಲ್ಲಿ ಮಾತ್ರ ನಮ್ಮ ಸರ್ ಆ ಸಂಪ್ರದಾಯಕ್ಕೆ ಕಲ್ಲು ಹಾಕಿದರು. “ಕುಸಿದು ಬಿದ್ದ ಒಂದೊಂದು ಕಟ್ಟಡ ಹಂಚಿಕೊಳ್ಳಿ. ಯಾಕೆ ಬಿತ್ತು ಅಂತ ನನಗೆ ಹೇಳಿ. ಎಷ್ಟು ಎತ್ತರ ಇತ್ತು ಅನ್ನೋದು ಬೇಡ” ಎಂದರು.

ಹೆಸರಾಂತ ಸೇತುವೆಗಳನ್ನೆಲ್ಲ ಮುಂದಿನ ಬೆಂಚಿನವರು ಬಾಚಿಕೊಂಡರು. ನನ್ನ ಪಾಲಿಗೆ ಉಳಿದದ್ದು ಪಟ್ಟಿಯ ಕೆಳಗಿದ್ದ ಒಂದು ಸಾಲು: ಫೋರ್ಡ್ಸ್ ಥಿಯೇಟರ್, ವಾಷಿಂಗ್ಟನ್, 1893, ಸಾವು 22.

ಹೆಸರು ಕೇಳಿದ್ದೆ. ಅಬ್ರಹಾಂ ಲಿಂಕನ್ ಅವರಿಗೆ ಗುಂಡು ಬಿದ್ದ ಜಾಗ. ಹೈಸ್ಕೂಲಿನ ಕ್ವಿಜ್‌ನಲ್ಲಿ ಇದೇ ಪ್ರಶ್ನೆಗೆ ಉತ್ತರ ಹೇಳಿ ಪೆನ್ನು ಗೆದ್ದವನು ನಾನು. ಆದರೆ ಲಿಂಕನ್ ತೀರಿಕೊಂಡದ್ದು 1865ರಲ್ಲಿ. ಅದಾಗಿ 28 ವರ್ಷಕ್ಕೆ ಅದೇ ಕಟ್ಟಡದಲ್ಲಿ 22 ಜನ ಸತ್ತರೆ? ಯಾವ ಕ್ವಿಜ್‌ನಲ್ಲೂ ಯಾರೂ ಅದನ್ನು ಕೇಳಿರಲಿಲ್ಲ.

ಹತ್ತು ನಿಮಿಷದ ಸೆಮಿನಾರ್‌ಗೆಂದು ಓದಲು ಕೂತವನು ಮೂರು ವಾರ ಅದರಲ್ಲೇ ಮುಳುಗಿದೆ. ಅದಕ್ಕೊಂದು ಸ್ವಂತ ಕಾರಣವೂ ಇತ್ತು. ನಮ್ಮ ಕಾಲೇಜಿನಲ್ಲೂ ಬೀಗ ಹಾಕಿದ ಒಂದು ರಂಗಮಂದಿರವಿದೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಚರ್ಚು ನಾಟಕಶಾಲೆಯಾಯಿತು

ವಾಷಿಂಗ್ಟನ್ ನಗರದ 10ನೇ ಬೀದಿಯ ಈ ಜಾಗದಲ್ಲಿ 1833ರಲ್ಲಿ ಮೊದಲು ಕಟ್ಟಿದ್ದು ಬ್ಯಾಪ್ಟಿಸ್ಟ್ ಚರ್ಚನ್ನು. 1861ರಲ್ಲಿ ಜಾನ್ ಟಿ. ಫೋರ್ಡ್ ಎಂಬ ನಾಟಕ ವ್ಯವಸ್ಥಾಪಕ ಅದನ್ನು ಬಾಡಿಗೆಗೆ ಪಡೆದು ರಂಗಮಂದಿರ ಮಾಡಿದ. ಮರುವರ್ಷದ ಡಿಸೆಂಬರಿನಲ್ಲಿ ಬೆಂಕಿ ಬಿದ್ದು ಎಲ್ಲವೂ ಬೂದಿಯಾಯಿತು. ಫೋರ್ಡ್ ಕೈಚೆಲ್ಲಲಿಲ್ಲ. ಅದೇ ಜಾಗದಲ್ಲಿ ಇನ್ನೂ ದೊಡ್ಡದಾಗಿ ಕಟ್ಟಿಸಿ 1863ರ ಆಗಸ್ಟ್‌ನಲ್ಲಿ ಮತ್ತೆ ಪರದೆ ಎತ್ತಿದ. ಸುಮಾರು 1,700 ಜನ ಕೂರಬಹುದಾಗಿತ್ತು.

ಅಮೆರಿಕದಲ್ಲಿ ಆಗ ಅಂತರ್ಯುದ್ಧ ನಡೆಯುತ್ತಿತ್ತು. ರಾಜಧಾನಿಯ ತುಂಬ ಸೈನಿಕರು, ಅಧಿಕಾರಿಗಳು, ಗಾಯಾಳುಗಳು. ಹಗಲೆಲ್ಲ ಸಾವಿನ ಸುದ್ದಿ ಕೇಳಿದವರಿಗೆ ಸಂಜೆ ಎರಡು ಗಂಟೆಯ ನಗು ಬೇಕಿತ್ತು. ಹಾಗೆ ನಗು ಹುಡುಕಿಕೊಂಡು ಬರುತ್ತಿದ್ದವರಲ್ಲಿ ಅಧ್ಯಕ್ಷ ಲಿಂಕನ್ ಕೂಡ ಒಬ್ಬರು. ಷೇಕ್ಸ್‌ಪಿಯರ್ ಎಂದರೆ ಅವರಿಗೆ ಪ್ರಾಣ. ಫೋರ್ಡ್ಸ್ ಥಿಯೇಟರಿಗೆ ಹಲವು ಬಾರಿ ಬಂದಿದ್ದರು.

1863ರ ನವೆಂಬರ್ 9ರಂದು ಅವರು ಇಲ್ಲಿ ‘ದಿ ಮಾರ್ಬಲ್ ಹಾರ್ಟ್’ ಎಂಬ ನಾಟಕ ನೋಡಿದರು. ಅದಾಗಿ ಹತ್ತೇ ದಿನಕ್ಕೆ ಗೆಟಿಸ್‌ಬರ್ಗ್‌ನಲ್ಲಿ ಅವರ ಪ್ರಸಿದ್ಧ ಭಾಷಣ. ಆ ನಾಟಕದ ಮುಖ್ಯ ಪಾತ್ರದಲ್ಲಿ ಇದ್ದವನು ಯಾರು ಗೊತ್ತೇ? ಜಾನ್ ವಿಲ್ಕ್ಸ್ ಬೂತ್. ಒಂದೂವರೆ ವರ್ಷದ ನಂತರ ಲಿಂಕನ್ ಅವರನ್ನು ಕೊಂದವನು ಅವನೇ. ಬಾಕ್ಸಿನಲ್ಲಿ ಕೂತ ಪ್ರೇಕ್ಷಕನನ್ನು ಕೊಲ್ಲಲಿದ್ದ ನಟ, ಅದೇ ಪ್ರೇಕ್ಷಕನ ಎದುರು ಸಂಭಾಷಣೆ ಹೇಳುತ್ತ ನಿಂತಿದ್ದ.

ಕಟ್ಟಡ ಬಲ್ಲವನ ಕೃತ್ಯ

1865ರ ಏಪ್ರಿಲ್ 14, ಗುಡ್ ಫ್ರೈಡೆ. ದಕ್ಷಿಣದ ಸೇನಾಪತಿ ಲೀ ಶರಣಾಗಿ ಐದು ದಿನವಾಗಿತ್ತು. ಊರೆಲ್ಲ ಸಂಭ್ರಮ. ಅಂದು ರಾತ್ರಿಯ ನಾಟಕ ಇಂಗ್ಲಿಷ್ ಲೇಖಕ ಟಾಮ್ ಟೇಲರ್ ಬರೆದ ‘ಅವರ್ ಅಮೆರಿಕನ್ ಕಸಿನ್’. ಒಬ್ಬ ಒರಟು ಅಮೆರಿಕನ್ನನು ಇಂಗ್ಲೆಂಡಿನ ಶ್ರೀಮಂತ ಬಂಧುಗಳ ಮನೆಗೆ ಹೋಗಿ ಮಾಡುವ ಅವಾಂತರವೇ ಅದರ ಕಥೆ, ಹೊಟ್ಟೆ ಹುಣ್ಣಾಗುವಂಥ ಹಾಸ್ಯ. ನಾಯಕಿ ಲಾರಾ ಕೀನ್ ಅವರ ಬೆನಿಫಿಟ್ ಪ್ರದರ್ಶನ ಅದು. ಅಂದರೆ ಆ ರಾತ್ರಿಯ ಗಳಿಕೆಯ ಲಾಭ ಆಕೆಗೆ.

ಬೂತ್‌ಗೆ ಆಗ 26 ವರ್ಷ. ಅವನ ಕಾಗದಪತ್ರ ಬರುತ್ತಿದ್ದದ್ದು ಥಿಯೇಟರಿನ ವಿಳಾಸಕ್ಕೇ. ಅಂದು ಮಧ್ಯಾಹ್ನ ಪತ್ರ ತೆಗೆದುಕೊಳ್ಳಲು ಹೋದಾಗ, ರಾತ್ರಿ ಅಧ್ಯಕ್ಷರು ಬರುತ್ತಾರೆಂಬ ಸುದ್ದಿ ಅವನಿಗೆ ಸಿಕ್ಕಿತು. ಅವನಿಗೆ ದಕ್ಷಿಣದ ಪರ ಮತಾಂಧದಷ್ಟು ಒಲವು, ಗುಲಾಮಗಿರಿ ಅಳಿಯುತ್ತಿರುವುದರ ಬಗ್ಗೆ ಕುದಿಯುವ ಸಿಟ್ಟು. ಲಿಂಕನ್ ಅವರನ್ನು ಅಪಹರಿಸುವ ಸಂಚು ಮೊದಲೇ ಮಾಡಿ ಕೈಸುಟ್ಟುಕೊಂಡಿದ್ದ. ಈಗ ಕೆಲವೇ ಗಂಟೆ ಸಿಕ್ಕಿತು.

ಇಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಬೂತ್‌ಗೆ ಆ ಕಟ್ಟಡದ ಮೇಲಿದ್ದ ಹಿಡಿತ. ಯಾವ ಮೆಟ್ಟಿಲು ಹತ್ತಿದರೆ ಅಧ್ಯಕ್ಷರ ಬಾಕ್ಸಿನ ಹಿಂದಿನ ಓಣಿ ಸಿಗುತ್ತದೆ, ರಂಗದ ಹಿಂಬಾಗಿಲು ಯಾವ ಗಲ್ಲಿಗೆ ತೆರೆಯುತ್ತದೆ, ಎಲ್ಲವೂ ಗೊತ್ತು. ಒಳಗೆ ಹೋದಮೇಲೆ ಹೊರಬಾಗಿಲಿಗೆ ಮರದ ತುಂಡು ಅಡ್ಡಗೊಟ್ಟ. ಕಾವಲಿಗಿದ್ದ ಪೊಲೀಸ್ ತನ್ನ ಜಾಗದಲ್ಲಿ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ನಾಟಕದ ಸಾಲುಗಳು ಅವನಿಗೆ ಬಾಯಿಪಾಠ. ಮೂರನೇ ಅಂಕದ ಎರಡನೇ ದೃಶ್ಯದಲ್ಲಿ ರಂಗದ ಮೇಲೆ ಒಬ್ಬನೇ ನಟ ಉಳಿಯುತ್ತಾನೆ, ಅವನು ಹೇಳುವ ಒಂದು ಮಾತಿಗೆ ಇಡೀ ಸಭೆ ಗೊಳ್ಳೆಂದು ನಗುತ್ತದೆ ಎಂಬುದು ಅವನಿಗೆ ತಿಳಿದಿತ್ತು.

ರಾತ್ರಿ ಸುಮಾರು 10.15. ಹ್ಯಾರಿ ಹಾಕ್ ಎಂಬ ನಟ ಆ ಮಾತು ಹೇಳಿದ. ಸಭೆ ನಕ್ಕಿತು. ಆ ನಗುವಿನೊಳಗೆ ಒಂದೇ ಗುಂಡಿನ ಪುಟ್ಟ ಪಿಸ್ತೂಲು ಸಿಡಿಯಿತು.

ನಾನು ನಮ್ಮ ಕಾಲೇಜು ತಂಡದಲ್ಲಿ ಲೈಟಿಂಗ್ ಮಾಡುತ್ತಿದ್ದವನು. ಜನ ಎಲ್ಲಿ ನಗುತ್ತಾರೆ, ಎಷ್ಟು ಸೆಕೆಂಡು ನಗುತ್ತಾರೆ ಎಂಬ ಲೆಕ್ಕ ನಮಗೂ ಇರುತ್ತದೆ. ಆ ಲೆಕ್ಕದ ಮೇಲೇ ಮುಂದಿನ ಲೈಟ್ ಏರಿಸುತ್ತೇವೆ. ಅದೇ ಲೆಕ್ಕವನ್ನು ಒಬ್ಬ ನಟ ಗುಂಡಿನ ಸದ್ದು ಮುಚ್ಚಲು ಬಳಸಿಕೊಂಡ ಎಂದು ಓದಿದಾಗ ಪುಸ್ತಕ ಮಡಚಿಟ್ಟು ಹೊರಗೆ ಹೋಗಿ ಒಂದು ಸುತ್ತು ಹಾಕಿ ಬಂದೆ.

ಬೂತ್ ಬಾಕ್ಸಿನಿಂದ ಸುಮಾರು 12 ಅಡಿ ಕೆಳಗಿನ ರಂಗಕ್ಕೆ ಜಿಗಿದು, ಹಿಂಬಾಗಿಲಿನಿಂದ ಓಡಿ ಕುದುರೆ ಹತ್ತಿದ. ಸಭೆಯಲ್ಲಿ ಕೆಲವರು ಇದೂ ನಾಟಕದ ಭಾಗ ಎಂದುಕೊಂಡಿದ್ದರು. ಬಾಕ್ಸಿಗೆ ಮೊದಲು ತಲುಪಿದ ವೈದ್ಯ ಚಾರ್ಲ್ಸ್ ಲೀಲ್‌ಗೆ ಆಗ 23 ವರ್ಷ, ಡಿಗ್ರಿ ಸಿಕ್ಕಿ ಆರು ವಾರವಾಗಿತ್ತಷ್ಟೆ. ಗಾಯ ಮಾರಣಾಂತಿಕ ಎಂಬುದು ಅವನಿಗೆ ಕೂಡಲೇ ತಿಳಿಯಿತು. ಗಾಡಿಯಲ್ಲಿ ಶ್ವೇತಭವನದವರೆಗೆ ಒಯ್ದರೆ ದಾರಿಯಲ್ಲೇ ಜೀವ ಹೋಗುತ್ತದೆಂದು, ಎದುರಿಗಿದ್ದ ಪೀಟರ್ಸನ್ ಎಂಬ ದರ್ಜಿಯ ಮನೆಗೆ ಎತ್ತಿಕೊಂಡು ಹೋದರು. ಆರಡಿ ನಾಲ್ಕಂಗುಲದ ಲಿಂಕನ್ ಅಲ್ಲಿನ ಮಂಚಕ್ಕೆ ಹಿಡಿಸಲಿಲ್ಲ, ಅಡ್ಡಡ್ಡ ಮಲಗಿಸಬೇಕಾಯಿತು. ಮರುದಿನ ಬೆಳಿಗ್ಗೆ 7.22ಕ್ಕೆ ಅವರ ಉಸಿರು ನಿಂತಿತು. ಹನ್ನೆರಡು ದಿನಗಳ ನಂತರ ವರ್ಜೀನಿಯಾದ ಒಂದು ಹೊಲಮನೆಯಲ್ಲಿ ಸೈನಿಕರು ಬೂತ್‌ನನ್ನು ಸುತ್ತುವರಿದರು. ಅವನೂ ಗುಂಡಿಗೆ ಸತ್ತ.

ನೇಪಥ್ಯದವರ ಪಾಡು

ಈ ಕಥೆಯಲ್ಲಿ ನನ್ನ ಕಣ್ಣು ನಿಂತದ್ದು ಎಡ್ಮನ್ ಸ್ಪ್ಯಾಂಗ್ಲರ್ ಎಂಬಾತನ ಮೇಲೆ. ಅವನು ಅಲ್ಲಿ ಬಡಗಿ, ದೃಶ್ಯದ ಪರದೆಗಳನ್ನು ಸರಿಸುವವನು. ಆ ರಾತ್ರಿ ಬೂತ್ ಹಿಂಬಾಗಿಲಿಗೆ ಬಂದು ಕುದುರೆ ಹಿಡಿದುಕೋ ಎಂದ. ದೊಡ್ಡ ನಟ ಹೇಳಿದರೆ ಬೇಡ ಎನ್ನಲಾಗುತ್ತದೆಯೇ? ಆದರೆ ದೃಶ್ಯ ಬದಲಿಸುವ ಹೊತ್ತಾಗಿತ್ತು. ಥಿಯೇಟರಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದ, ಎಲ್ಲರೂ ‘ಪೀನಟ್ಸ್’ ಎಂದು ಕರೆಯುತ್ತಿದ್ದ ಹುಡುಗನ ಕೈಗೆ ಲಗಾಮು ಕೊಡಿಸಿ ಸ್ಪ್ಯಾಂಗ್ಲರ್ ಒಳಗೆ ಹೋದ. ಅಷ್ಟಕ್ಕೆ ಮಿಲಿಟರಿ ನ್ಯಾಯಮಂಡಳಿ ಅವನಿಗೆ ಆರು ವರ್ಷದ ಸಜೆ ವಿಧಿಸಿ ಫ್ಲಾರಿಡಾದ ಆಚೆಯ ದ್ವೀಪದ ಕೋಟೆಗೆ ಅಟ್ಟಿತು. 1869ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಕ್ಷಮಾದಾನ ಕೊಟ್ಟ ಮೇಲೆ ಅವನಿಗೆ ಬಿಡುಗಡೆ. ಮಾಲೀಕ ಜಾನ್ ಫೋರ್ಡ್‌ನನ್ನೂ ವಾರಗಟ್ಟಲೆ ಸೆರೆಯಲ್ಲಿಟ್ಟು ಕೊನೆಗೆ ನಿರ್ದೋಷಿ ಎಂದು ಬಿಟ್ಟರು.

ಕೊಲೆಗಾರನ ಅಣ್ಣ ಎಡ್ವಿನ್ ಬೂತ್ ಆ ಕಾಲದ ಮಹಾನಟ. ತಮ್ಮ ಮಾಡಿದ್ದಕ್ಕೆ ನಾಚಿ ರಂಗದಿಂದಲೇ ದೂರ ಸರಿದ. ತಿಂಗಳುಗಳ ನಂತರ, 1866ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಹ್ಯಾಮ್ಲೆಟ್ ಆಗಿ ಮತ್ತೆ ರಂಗಕ್ಕೆ ಬಂದ. ಜನ ಅವನನ್ನು ಒಪ್ಪಿಕೊಂಡರು.

ಮನುಷ್ಯನಿಗೆ ಸಿಕ್ಕ ಈ ಅವಕಾಶ ಕಟ್ಟಡಕ್ಕೆ ಸಿಗಲಿಲ್ಲ. 1865ರ ಜುಲೈಯಲ್ಲಿ ಫೋರ್ಡ್ ಮತ್ತೆ ನಾಟಕ ಶುರುಮಾಡಲು ಹೊರಟಾಗ ಬೆದರಿಕೆಗಳು ಬಂದವು. ಸರ್ಕಾರ ಥಿಯೇಟರನ್ನು ವಶಕ್ಕೆ ತೆಗೆದುಕೊಂಡು, ಮರುವರ್ಷ 1 ಲಕ್ಷ ಡಾಲರ್ ಕೊಟ್ಟು ಕೊಂಡೇಬಿಟ್ಟಿತು. ಇನ್ನು ಮುಂದೆ ಇಲ್ಲಿ ಯಾರೂ ನಗಕೂಡದು ಎಂಬುದು ಜನರ ಮನಸ್ಸಿನಲ್ಲಿದ್ದ ಮಾತು. ಆ ದುಃಖ ನನಗೆ ಅರ್ಥವಾಗುತ್ತದೆ. ಆಮೇಲೆ ಆದದ್ದಕ್ಕೆ ಮಾತ್ರ ಸಮಾಧಾನ ಸಿಗುವುದಿಲ್ಲ.

ಕಾಗದದ ಭಾರ, ಕಂಬದ ಬುಡ

ರಂಗ, ಬಾಲ್ಕನಿ, ಬಾಕ್ಸು ಎಲ್ಲವನ್ನೂ ಕಿತ್ತುಹಾಕಿ, ಹೊರಗೋಡೆ ಮಾತ್ರ ಉಳಿಸಿಕೊಂಡು ಒಳಗೆ ಮೂರು ಅಂತಸ್ತಿನ ಕಚೇರಿ ಮಾಡಿದರು. ಯುದ್ಧ ಇಲಾಖೆಯ ದಾಖಲೆಗಳು ಬಂದವು. ಸೇನೆಯ ವೈದ್ಯಕೀಯ ಮ್ಯೂಸಿಯಂ ಕೂಡ ಕೆಲಕಾಲ ಇಲ್ಲಿತ್ತು. ಮಾಜಿ ಸೈನಿಕರ ಪಿಂಚಣಿಗೆ ಬೇಕಾದ ದಾಖಲೆ ಹುಡುಕುತ್ತ ನೂರಾರು ಗುಮಾಸ್ತರು ಅಲ್ಲಿ ದುಡಿಯುತ್ತಿದ್ದರು.

ಕಾಗದ ಹಗುರ ಎಂದುಕೊಳ್ಳುತ್ತೇವೆ. ಒಂದು ರೀಮ್ ಎ4 ಹಾಳೆ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಒಂದು ಕಪಾಟಿನ ತುಂಬ ಲೆಕ್ಕ ಹಾಕಿ ನೋಡಿ. ದಾಖಲೆ ಕೋಣೆಯ ನೆಲ ಎಷ್ಟು ಭಾರ ಹೊರಬೇಕು ಎಂದು ನಮ್ಮ ಕೋಡ್ ಪುಸ್ತಕಗಳು ಬೇರೆಯಾಗಿಯೇ ಹೇಳುತ್ತವೆ. ಮನೆಯ ಕೋಣೆಯ ಲೆಕ್ಕ ಅಲ್ಲಿಗೆ ನಡೆಯುವುದಿಲ್ಲ.

1893ರಲ್ಲಿ ಕಟ್ಟಡಕ್ಕೆ ವಿದ್ಯುತ್ ದೀಪದ ವ್ಯವಸ್ಥೆ ಮಾಡಲು ನೆಲಮಾಳಿಗೆಯ ಕೆಳಗೆ ಇನ್ನಷ್ಟು ಆಳ ಅಗೆಯತೊಡಗಿದರು. ಮೇಲಿನ ಅಂತಸ್ತುಗಳ ಕಂಬಗಳು ನಿಂತಿದ್ದದ್ದು ಕೆಳಗಿನ ಇಟ್ಟಿಗೆಯ ಕಂಬಗಳ ಮೇಲೆ. ಅವುಗಳ ಬುಡದ ಮಣ್ಣು ತೆಗೆಯುವ ಮುನ್ನ ಮೇಲಿನ ಭಾರವನ್ನು ತಾತ್ಕಾಲಿಕವಾಗಿ ಬೇರೆ ಆಧಾರಕ್ಕೆ ವರ್ಗಾಯಿಸಿ, ಕೆಳಗಿನಿಂದ ಹೊಸ ಬುಡ ಕಟ್ಟಿಕೊಡಬೇಕು. ನಾವು ಇದನ್ನು ಅಂಡರ್‌ಪಿನ್ನಿಂಗ್ ಎನ್ನುತ್ತೇವೆ. ಎರಡು ಅಂಕದ ಪ್ರಶ್ನೆಯಾಗಿ ಪರೀಕ್ಷೆಗೆ ಬರುತ್ತದೆ. ಅಲ್ಲಿ ಆ ಎಚ್ಚರ ಸಾಲಲಿಲ್ಲ.

ಜೂನ್ 9ರ ಬೆಳಿಗ್ಗೆ, ಗುಮಾಸ್ತರು ಬಂದು ಕೂತು ಕೆಲಸ ಹಿಡಿದ ಹೊತ್ತಿಗೆ, ಒಂದು ಕಂಬದ ಬುಡ ಕುಸಿಯಿತು. ಮೇಲಿನ ನೆಲ ಕೆಳಗಿನ ನೆಲದ ಮೇಲೆ ಬಿತ್ತು, ಅದು ಅದರ ಕೆಳಗಿನದನ್ನು ಎಳೆದುಕೊಂಡು ನೆಲಮಾಳಿಗೆಗೆ ಇಳಿಯಿತು. ಮೇಜು, ಕುರ್ಚಿ, ಕಡತ, ಮನುಷ್ಯರು ಎಲ್ಲ ಒಂದೇ ರಾಶಿ. 22 ಜನ ಸತ್ತರು, 60ಕ್ಕೂ ಹೆಚ್ಚು ಜನ ಗಾಯಗೊಂಡರು. ವಿಚಾರಣೆ ನಡೆಯಿತು, ಅಧಿಕಾರಿಗಳ ಮೇಲೆ ಆರೋಪ ಬಂತು, ಮೊಕದ್ದಮೆ ನಿಲ್ಲಲಿಲ್ಲ.

ಅದೇ ದಿನ ನ್ಯೂಯಾರ್ಕ್‌ನಲ್ಲಿ ಎಡ್ವಿನ್ ಬೂತ್‌ನ ಅಂತ್ಯಕ್ರಿಯೆ ನಡೆಯಿತು. ಶಾಪ, ದೈವ ಎಂದೆಲ್ಲ ಹೇಳಲು ಇಂಥ ಕಾಕತಾಳೀಯ ಸಾಕು. ಆದರೆ ನನ್ನ ಸೆಮಿನಾರ್‌ನಲ್ಲಿ ಶಾಪಕ್ಕೆ ಸ್ಲೈಡ್ ಇರಲಿಲ್ಲ. ಆಧಾರವಿಲ್ಲದೆ ಮಣ್ಣು ತೆಗೆದರೆ ಯಾವ ಊರಿನ, ಯಾವ ಪುಣ್ಯದ ಕಟ್ಟಡವಾದರೂ ಬೀಳುತ್ತದೆ.

ಮತ್ತೆ ಪರದೆ ಎದ್ದಿತು

ಕುಸಿದ ಭಾಗ ಸರಿಪಡಿಸಿ ಮತ್ತೆ ಗೋದಾಮು, ಕಚೇರಿಯಾಗಿ ಬಳಸಿದರು. 1932ರಲ್ಲಿ ಕೆಳಗಿನ ಅಂತಸ್ತಿನಲ್ಲಿ ಲಿಂಕನ್ ಮ್ಯೂಸಿಯಂ ಬಂತು, ಮರುವರ್ಷ ಕಟ್ಟಡ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಸೇರಿತು. ಉತ್ತರ ಡಕೋಟಾದ ಸೆನೆಟರ್ ಮಿಲ್ಟನ್ ಯಂಗ್ ಮುಂತಾದವರ ವರ್ಷಗಟ್ಟಲೆಯ ಪ್ರಯತ್ನದ ನಂತರ, 1964ರಲ್ಲಿ ಸುಮಾರು 20 ಲಕ್ಷ ಡಾಲರ್ ಮಂಜೂರಾಯಿತು. ಕೊಲೆಯ ನಂತರದ ದಿನಗಳಲ್ಲಿ ಮ್ಯಾಥ್ಯೂ ಬ್ರೇಡಿಯ ಸ್ಟುಡಿಯೋದವರು ತೆಗೆದ ಫೋಟೋಗಳನ್ನು ಮುಂದಿಟ್ಟುಕೊಂಡು ರಂಗ, ಬಾಲ್ಕನಿ, ಬಾಕ್ಸನ್ನು ಮೊದಲಿದ್ದ ಹಾಗೇ ಕಟ್ಟಿದರು.

ಮೊದಲು ಅದು ನೋಡಿ ಹೋಗುವ ಸ್ಮಾರಕವಷ್ಟೇ ಆಗಬೇಕು ಎಂಬ ವಾದವಿತ್ತು. ಫ್ರ್ಯಾಂಕಿ ಹೆವಿಟ್ ಎಂಬ ಮಹಿಳೆ ಅಲ್ಲಿ ಜೀವಂತ ನಾಟಕ ಆಡಲೇಬೇಕೆಂದು ಪಟ್ಟುಹಿಡಿದವರಲ್ಲಿ ಮುಖ್ಯರು. ಫೋರ್ಡ್ಸ್ ಥಿಯೇಟರ್ ಸೊಸೈಟಿ ಕಟ್ಟಿ ದಶಕಗಳ ಕಾಲ ಅದನ್ನು ನಡೆಸಿದರು. ನಾಟಕ ಪ್ರೀತಿಸುತ್ತಿದ್ದ ಮನುಷ್ಯನಿಗೆ ನಾಟಕವಿಲ್ಲದ ರಂಗಮಂದಿರ ಎಂಥ ಸ್ಮಾರಕ? 1968ರಲ್ಲಿ, ಅಂದರೆ 103 ವರ್ಷಗಳ ನಂತರ, ಮತ್ತೆ ಪರದೆ ಎದ್ದಿತು.

ಆಮೇಲೆ ಅಲ್ಲಿ ನಾಟಕಗಳು ನಡೆಯುತ್ತ ಬಂದಿವೆ. ಕಪ್ಪು ಕಲಾವಿದರ ಸಂಗೀತ ನಾಟಕಗಳಿಗೆ 1970ರ ದಶಕದಲ್ಲೇ ಈ ರಂಗ ಜಾಗ ಕೊಟ್ಟಿತು. ಗುಲಾಮಗಿರಿಯ ಪರ ನಿಂತವನು ಕೊಲೆ ಮಾಡಿದ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ. ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಅಲ್ಲಿ ಡಿಸೆಂಬರಿನ ವಾಡಿಕೆಯಾಗಿದೆ. 2009ರಲ್ಲಿ, ಲಿಂಕನ್ ಹುಟ್ಟಿ 200 ವರ್ಷವಾದಾಗ, ದುರಸ್ತಿಯಾಗಿದ್ದ ಥಿಯೇಟರಿನಲ್ಲಿ ಅವರ ಬದುಕಿನ ಮೇಲೆ ಜೇಮ್ಸ್ ಸ್ಟಿಲ್ ಬರೆದ ಹೊಸ ನಾಟಕ ಆಡಿದರು. 2012ರಲ್ಲಿ ಲಿಂಕನ್ ಮತ್ತು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಹೋರಾಟಗಾರ ಫ್ರೆಡರಿಕ್ ಡಗ್ಲಸ್ ಮುಖಾಮುಖಿಯಾಗುವ ರಿಚರ್ಡ್ ಹೆಲೆಸನ್ ಅವರ ನಾಟಕ ಬಂತು. ಅದೇ ಲೇಖಕರ ‘ಒನ್ ಡೆಸ್ಟಿನಿ’ ಎಂಬ ಚಿಕ್ಕ ನಾಟಕವನ್ನು ಪ್ರವಾಸಿಗರಿಗಾಗಿ ಆಡುತ್ತಾರೆ. ಅದರಲ್ಲಿ ಆ ರಾತ್ರಿಯನ್ನು ನೆನೆಯುವವರಲ್ಲಿ ಒಬ್ಬ, ರಂಗದ ಮೇಲೆ ಒಬ್ಬನೇ ನಿಂತಿದ್ದ ಹ್ಯಾರಿ ಹಾಕ್. ನಗಿಸಿದ್ದೇ ತಪ್ಪಾಯಿತೇ ಎಂದು ಜೀವಮಾನವಿಡೀ ಯೋಚಿಸಬಹುದಾಗಿದ್ದ ಮನುಷ್ಯ.

ಬಾಕ್ಸ್ ಈಗಲೂ ಅಲ್ಲೇ ಇದೆ. ಬಾವುಟಗಳ ಅಲಂಕಾರ, ಮುಂದೆ ಜಾರ್ಜ್ ವಾಷಿಂಗ್ಟನ್ನರ ಚಿತ್ರ. ಅದಕ್ಕೆ ಟಿಕೆಟ್ ಮಾರುವುದಿಲ್ಲ. ಅಧ್ಯಕ್ಷರು ನಾಟಕಕ್ಕೆ ಬಂದರೂ ಕೆಳಗೆ ಜನರ ಸಾಲಿನಲ್ಲೇ ಕೂರುತ್ತಾರೆ. ಆ ಪುಟ್ಟ ಪಿಸ್ತೂಲು ನೆಲಮಾಳಿಗೆಯ ಮ್ಯೂಸಿಯಂನಲ್ಲಿದೆ. ಕೆಳಗೆ ನೆನಪು, ಮೇಲೆ ನಾಟಕ. ಒಂದು ಇನ್ನೊಂದನ್ನು ಒರೆಸಿಹಾಕಿಲ್ಲ.

ನಮ್ಮ ಹಾಲಿನ ಬೀಗ

ಈಗ ನಮ್ಮ ಕಾಲೇಜಿನ ಮಾತು. ಒಂದೂವರೆ ವರ್ಷದ ಹಿಂದೆ ವಾರ್ಷಿಕೋತ್ಸವಕ್ಕೆ ಲೈಟ್ ಕಟ್ಟುವಾಗ ನಮ್ಮ ತಂಡದ ಸೀನಿಯರ್ ಅಣ್ಣ ಏಣಿಯಿಂದ ಬಿದ್ದರು. ಏಣಿ ಹಿಡಿದಿದ್ದವರಲ್ಲಿ ನಾನೂ ಒಬ್ಬ. ಅದರ ಕಾಲು ಜಾರಿದ ಸದ್ದು ಈಗಲೂ ಕಿವಿಯಲ್ಲಿದೆ. ಸೊಂಟದ ಮೂಳೆ ಮುರಿದು, ಅಣ್ಣ ಒಂದು ವರ್ಷ ಕಳೆದುಕೊಂಡರು. ಈಗ ಕೋಲು ಊರಿಕೊಂಡು ನಡೆಯುತ್ತಾರೆ.

ಮರುದಿನವೇ ಹಾಲಿಗೆ ಬೀಗ ಬಿತ್ತು. ನಾಟಕ ತಂಡ ಚದುರಿತು. ನಮಗೂ ಅದು ಸರಿ ಅನ್ನಿಸಿತ್ತು, ನನಗಂತೂ ಆ ಬಾಗಿಲಿನ ಮುಂದೆ ಹಾಯಲೂ ಆಗುತ್ತಿರಲಿಲ್ಲ. ಮೊನ್ನೆ ಕಿಟಕಿಯಿಂದ ಇಣುಕಿ ನೋಡಿದೆ. ರಂಗದ ಮೇಲೆ ಮುರಿದ ಬೆಂಚುಗಳು, ಸೂರು ಮುಟ್ಟುವಷ್ಟು ಹಳೆಯ ಉತ್ತರಪತ್ರಿಕೆಗಳ ಕಟ್ಟು. ಕಾಗದದ ಗೋದಾಮು! ನಮ್ಮದು ಮರದ ಹಲಗೆಯ ರಂಗ. ಅದರ ಕೆಳಗಿನ ತೊಲೆಗಳನ್ನು ಯಾರೂ ನೋಡಿಲ್ಲ. ಲೈಟ್ ತೂಗುಹಾಕುವ ಪೈಪು, ಆ ಏಣಿ ಎರಡೂ ಹಾಗೆಯೇ ಇವೆ. ಬೀಗ ಹಾಕಿದ್ದು ನಮ್ಮ ಭಯಕ್ಕೆ. ಅಪಾಯ ಒಳಗೇ ಉಳಿದಿದೆ.

ಸೆಮಿನಾರ್‌ನ ಕೊನೆಯ ಸ್ಲೈಡಿನಲ್ಲಿ ಹೂವು ಹಾಕಲಿಲ್ಲ. ಬದಲಿಗೆ ಆ ಕಿಟಕಿಯಿಂದ ತೆಗೆದ ಫೋಟೋ ಹಾಕಿದೆ. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಸರ್ ಕನ್ನಡಕ ತೆಗೆದು ಒರೆಸಿಕೊಂಡು, “ಅರ್ಜಿ ಬರೆಯಪ್ಪ. ಬರೀ ಬೀಗ ತೆಗೀರಿ ಅಂತ ಬರೀಬೇಡ. ಏನೇನು ಚೆಕ್ ಮಾಡ್ಬೇಕು ಅಂತ ಪಟ್ಟಿ ಕೊಡು” ಎಂದರು.

ಪಟ್ಟಿ ಮಾಡಿದ್ದೇವೆ. ಕಾಗದದ ಕಟ್ಟುಗಳನ್ನು ಇಳಿಸುವುದು, ರಂಗದ ತೊಲೆ ಪರೀಕ್ಷೆ, ಏಣಿಯ ಬದಲು ಬ್ರೇಕ್ ಇರುವ ಗಾಲಿಯ ಸ್ಕ್ಯಾಫೋಲ್ಡ್, ಎತ್ತರಕ್ಕೆ ಹತ್ತುವವರಿಗೆ ಸೇಫ್ಟಿ ಬೆಲ್ಟ್, ಹಳೆಯ ವೈರಿಂಗ್ ಬದಲಾವಣೆ. ಹನ್ನೊಂದು ಅಂಶ. ಅರ್ಜಿಗೆ ಮೊದಲ ಸಹಿ ಹಾಕಿದ್ದು ಅಣ್ಣನೇ. ನಾನು ಹಿಂಜರಿಯುತ್ತ ಅವರ ಮನೆಗೆ ಹೋದಾಗ, ಓದಿ ನೋಡಿ, ಹನ್ನೆರಡನೆಯದಾಗಿ ‘ಏಣಿ ಹಿಡಿಯುವವರಿಗೂ ತರಬೇತಿ’ ಎಂದು ಸೇರಿಸಿದರು. ನನ್ನ ಮುಖ ನೋಡಿ ನಕ್ಕರು. ಒಂದೂವರೆ ವರ್ಷದಲ್ಲಿ ಆ ವಿಷಯವಾಗಿ ನಾವಿಬ್ಬರೂ ನಕ್ಕದ್ದು ಅದೇ ಮೊದಲು.

ಅರ್ಜಿ ಪ್ರಿನ್ಸಿಪಾಲರ ಮೇಜಿನ ಮೇಲಿದೆ. ಮುಂದಿನ ವಾರ ಹಾಲ್ ನೋಡಲು ಬರುತ್ತೇವೆ ಎಂದಿದ್ದಾರೆ. ಅಣ್ಣ ದಿನಾ ಫೋನ್ ಮಾಡಿ ಕೇಳುತ್ತಾರೆ, “ಏನ್ರೋ, ಬೀಗ ತೆಗೆದ್ರಾ?”